ಹದಿನೆಂಟಕ್ಕೆ ಮುಗಿಯುವುದೇನು?

ತಂದೆ ತಾಯಿ ಒಟ್ಟಿಗಿರುವ ಮನೆಯಲ್ಲಿ ಮಗುವಿಗೆ 18 ತುಂಬಿದ ದಿನ ಹೆಚ್ಚೆಂದರೆ ಪಾಯಸವಾಗುತ್ತದೆ. ಊಟದ ಖರ್ಚು, ಬಸ್ ಪಾಸು, ಕಾಲೇಜಿನ ಫೀಜು ಮರುದಿನವೂ ಹಿಂದಿನಂತೆಯೇ ನಡೆಯುತ್ತವೆ. ತಂದೆ ತಾಯಿ ಬೇರೆಯಾಗಿ, ನ್ಯಾಯಾಲಯದ ಆದೇಶದಂತೆ ತಿಂಗಳು ತಿಂಗಳು ಜೀವನಾಂಶ ಬರುವ ಮನೆಯಲ್ಲಿ ಮಾತ್ರ ಅದು ಹಣ ನಿಲ್ಲಬಹುದಾದ ದಿನ. ಎರಡು ಮನೆಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಓದುತ್ತಿರಬಹುದು. ಮಕ್ಕಳ ಅಗತ್ಯ ಒಂದೇ ಆಗಿರುವಾಗ ತಂದೆಯ ಕರ್ತವ್ಯ ಬೇರೆಯಾಗುವುದು ಹೇಗೆ?

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ ಮಗು ಅಪ್ರಾಪ್ತವಾಗಿರುವವರೆಗೆ ಜೀವನಾಂಶ ಕೇಳಬಹುದು. ಮದುವೆಯಾಗದ, ತನ್ನನ್ನು ತಾನು ಸಾಕಿಕೊಳ್ಳಲಾರದ ಮಗಳಿಗೆ ಈ ಹಕ್ಕು 18ರ ನಂತರವೂ ಉಳಿಯುತ್ತದೆ; 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂನಲ್ಲಿ ಪ್ರಾಪ್ತ ವಯಸ್ಕ ಮಕ್ಕಳು ಜೀವನಾಂಶ ಪಡೆಯಲು ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದಲೋ ಗಾಯದಿಂದಲೋ ದುಡಿಯಲಾರದವರಾಗಿರಬೇಕಿತ್ತು. 2024ರ ಜುಲೈನಲ್ಲಿ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಕೂಡ ಪ್ರಾಪ್ತ ವಯಸ್ಕರ ಬಗ್ಗೆ ಅದೇ ಷರತ್ತನ್ನು ಇಟ್ಟುಕೊಂಡಿದೆ. ಓದುತ್ತಿರುವುದು ಆ ಪಟ್ಟಿಯಲ್ಲಿ ಸೇರಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಆರು ವರ್ಷಕ್ಕೆ ಒಂದನೇ ತರಗತಿಗೆ ಸೇರಿದ ಮಗು ಹತ್ತು ವರ್ಷ ಶಾಲೆ, ಎರಡು ವರ್ಷ ಪಿಯುಸಿ ಮುಗಿಸುವ ಹೊತ್ತಿಗೆ ಅದಕ್ಕೆ 18. ಡಿಗ್ರಿಯ ಫೀಜು, ಹಾಸ್ಟೆಲ್ಲು, ಪರ ಊರಿನ ಬಾಡಿಗೆ ಎಲ್ಲ ಶುರುವಾಗುವುದು ಆಗಲೇ. ಖರ್ಚು ಏರುವ ಹೊತ್ತಿಗೆ ಸರಿಯಾಗಿ ಹೊಣೆ ಮುಗಿಯುತ್ತದೆ. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಈ ತೊಡಕನ್ನು ಗುರುತಿಸಿ, ಮಗನ ಮೊದಲ ಪದವಿ ಮುಗಿಯುವವರೆಗೆ ತಂದೆ ಹಣ ಕೊಡಬೇಕೆಂದು ಆದೇಶಿಸಿತು. ಆದರೆ ಅಂಥ ಆದೇಶ ಬೇಕಾದರೆ ಅಷ್ಟು ದೂರ ಹೋಗುವ ಶಕ್ತಿ ಯಾರಿಗಾದರೂ ಇರಬೇಕಲ್ಲ.

ನನ್ನನ್ನು ಹೆಚ್ಚು ಕಾಡುವುದು ಅದೇ 125ನೇ ಕಲಂನ ಇನ್ನೊಂದು ಮಾತು. ಮಕ್ಕಳು ತಮ್ಮ ಅಪ್ಪ ಅಮ್ಮನನ್ನು ಸಾಕಬೇಕು ಎಂದೂ ಅದು ಹೇಳುತ್ತಿತ್ತು. ಅಲ್ಲಿ ವಯಸ್ಸಿನ ಗೆರೆಯಿಲ್ಲ. ಅವರು ತಮ್ಮನ್ನು ತಾವು ಸಾಕಿಕೊಳ್ಳಲು ಆಗದವರೇ ಎಂಬುದೊಂದೇ ಪ್ರಶ್ನೆ. ಹೆತ್ತವರ ವಿಷಯದಲ್ಲಿ ಅಳತೆ ಅಸಹಾಯಕತೆ, ಮಕ್ಕಳ ವಿಷಯದಲ್ಲಿ ಕ್ಯಾಲೆಂಡರ್. ಒಂದೇ ಸಂಬಂಧವನ್ನು ಎರಡು ತಕ್ಕಡಿಯಲ್ಲಿ ತೂಗಿದಂತೆ.

1797ರ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಇಮ್ಯಾನುಯೆಲ್ ಕಾಂಟ್ ಒಂದು ಸರಳ ವಾದ ಮುಂದಿಡುತ್ತಾನೆ. ಮಗುವನ್ನು ಅದರ ಒಪ್ಪಿಗೆ ಕೇಳದೆ ಈ ಲೋಕಕ್ಕೆ ತಂದವರು ನಾವು. ಆದ್ದರಿಂದ ಅದು ಇಲ್ಲಿ ನೆಮ್ಮದಿಯಾಗಿ ಬದುಕುವಂತೆ ಮಾಡುವ ಹೊಣೆಯೂ ನಮ್ಮದೇ. ಈ ವಾದವನ್ನು ಒಪ್ಪಿದರೆ ಹೊಣೆ ಮುಗಿಯುವುದು ಮಗು ತನ್ನ ಕಾಲ ಮೇಲೆ ನಿಂತಾಗ. ಮತ ಹಾಕಲು ಯೋಗ್ಯನಾದವನು ಅದೇ ದಿನ ಬಾಡಿಗೆ ಕಟ್ಟಲೂ ಯೋಗ್ಯನಾಗುತ್ತಾನೆ ಎನ್ನಲು ಬರುವುದಿಲ್ಲ. ನನಗೆ ಈಗ ಇಪ್ಪತ್ತೆಂಟು. ಫೆಲೋಶಿಪ್ ತಡವಾದ ತಿಂಗಳುಗಳಲ್ಲಿ ಅಪ್ಪ ಊರಿಂದ ಹಣ ಕಳಿಸುತ್ತಾರೆ. ನನ್ನ ವಯಸ್ಸೆಷ್ಟು ಎಂದು ಅವರು ಒಮ್ಮೆಯೂ ಲೆಕ್ಕ ಹಾಕಿದ್ದಿಲ್ಲ. ಅವರು ಕಳಿಸುವುದು ಪ್ರೀತಿಯಿಂದ. ಆ ಪ್ರೀತಿ ಇಲ್ಲದ ಕಡೆಯೇ ಕಾನೂನು ಬೇಕಾಗುವುದು.

ಎದುರಿನ ವಾದವನ್ನೂ ಕೇಳಬೇಕು. ಸಣ್ಣ ಸಂಬಳದ ತಂದೆಗೆ ಇನ್ನೊಂದು ಸಂಸಾರವಿರಬಹುದು. ಮಗ ವರ್ಷಗಳಿಂದ ಫೋನನ್ನೂ ಎತ್ತದಿರಬಹುದು. ಕೊನೆಯೇ ಇಲ್ಲದ ಹೊಣೆಯನ್ನು ಯಾರ ಮೇಲೂ ಹೇರುವುದು ನ್ಯಾಯವಲ್ಲ, ನಿಜ. ಆದರೆ ಕೊನೆ ಇರಬೇಕು ಎಂದ ಮಾತ್ರಕ್ಕೆ ಅದು ಹುಟ್ಟುಹಬ್ಬವೇ ಆಗಬೇಕಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 16ಕ್ಕೆ ನಿಲ್ಲುವ ಹಣ, ಮಾನ್ಯತೆ ಪಡೆದ ಶಾಲಾ ಹಂತದ ಓದಿನಲ್ಲಿದ್ದರೆ 20ರವರೆಗೆ ನಡೆಯಬಹುದು. ಜರ್ಮನಿಯ ನಾಗರಿಕ ಸಂಹಿತೆ ಒಂದು ವೃತ್ತಿಗೆ ಬೇಕಾದ ಶಿಕ್ಷಣದ ಖರ್ಚನ್ನೂ ಜೀವನಾಂಶದಲ್ಲೇ ಸೇರಿಸುತ್ತದೆ. ತಂದೆಯ ಶಕ್ತಿಯನ್ನು ನೋಡಿ ಮೊತ್ತ ಕಡಿಮೆ ಮಾಡಬಹುದು. ಮಾತು ಬಿಟ್ಟ ಮಗನ ವಿಷಯಕ್ಕೆ ಬಂದರೆ, ಜೀವನಾಂಶ ಪ್ರೀತಿಗೆ ಕೊಡುವ ಬೆಲೆಯಲ್ಲ.

ಮಗಳಿಗೆ ಮದುವೆಯವರೆಗೆ, ಮಗನಿಗೆ 18ರವರೆಗೆ ಎಂಬ ಲೆಕ್ಕ ನೋಡಲು ಮಗಳ ಪರವಾಗಿದೆ. ಆದರೆ ಅದರೊಳಗೆ ಒಂದು ಹಳೆಯ ಊಹೆ ಕೂತಿದೆ: ಅವಳ ಹೊಣೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಬೇಕಾದದ್ದು, ಅವನು ಹೇಗೋ ದುಡಿದುಕೊಳ್ಳುತ್ತಾನೆ. ಇಬ್ಬರಿಗೂ ಸಲ್ಲುವ ಒಂದೇ ಅಳತೆ ನನಗೆ ಕಾಣುತ್ತದೆ. ಪ್ರಾಮಾಣಿಕವಾಗಿ ಓದುತ್ತಿರುವವರಿಗೆ ಮೊದಲ ಪದವಿ ಅಥವಾ ಒಂದು ಕಸುಬಿನ ತರಬೇತಿ ಮುಗಿಯುವವರೆಗೆ ಆ ಹಕ್ಕು ಇರಲಿ, ಅದು ಮೊದಲ ಆದೇಶದಲ್ಲೇ ಬರೆದಿರಲಿ. ಇಲ್ಲವಾದರೆ ನಿನ್ನೆಯವರೆಗೆ ಅಮ್ಮ ಕೇಳುತ್ತಿದ್ದುದನ್ನು ಇಂದು ಮಗಳು ತಾನೇ ವಕೀಲರನ್ನು ಹುಡುಕಿಕೊಂಡು, ಅಪ್ಪನ ಎದುರು ಕಟಕಟೆಯಲ್ಲಿ ನಿಂತು ಕೇಳಬೇಕಾಗುತ್ತದೆ. ಎಷ್ಟೋ ಮಕ್ಕಳು ಅದಕ್ಕಿಂತ ಓದು ಬಿಡುವುದೇ ವಾಸಿ ಎಂದುಕೊಳ್ಳುತ್ತಾರೆ. ಹಾಗೆ ಬಿಟ್ಟವರ ಲೆಕ್ಕ ಯಾವ ತೀರ್ಪಿನಲ್ಲೂ ಸಿಗುವುದಿಲ್ಲ.