ಮುಚ್ಚಿದ ಸೀಸೆಯ ಋಣ

ಮದ್ಯಪಾನವು ಸರಿಯೋ ತಪ್ಪೋ ಎಂಬ ವಾದವು ಬಹು ಹಳೆಯದು. ಅದನ್ನು ಇಲ್ಲಿ ಎತ್ತಿಕೊಳ್ಳುವ ಉದ್ದೇಶವಿಲ್ಲ. ಪಾನವನ್ನು ದೂರವಿಟ್ಟವರೂ ಆಲೋಚಿಸತಕ್ಕ ಬೇರೊಂದು ಪ್ರಶ್ನೆಯು ಈ ಕಸಬಿನಲ್ಲಿ ಅಡಗಿರುವುದು. ಒಬ್ಬನು ತನ್ನ ಮನೆಯಲ್ಲಿ ಒಂದು ಪದಾರ್ಥವನ್ನು ಮಾಡಿ, ಒಳಗೇನಿದೆಯೆಂದು ಹೊರಗಿನಿಂದ ತಿಳಿಯದಂತೆ ಬಿರಡೆ ಬಿಗಿದು, ಕಾಸು ಪಡೆಯದೆ ಸ್ನೇಹಿತನ ಕೈಯಲ್ಲಿಟ್ಟರೆ, ಆ ಸ್ನೇಹಿತನಿಗೆ ಇವನು ಯಾವುದಕ್ಕೆ ಬಾಧ್ಯನು? ಮಾರುವವನಿಗಿರುವ ಹೊಣೆ ಕೊಡುವವನಿಗೂ ಉಂಟೆ?

ಇಂಗ್ಲೆಂಡು ಅಮೆರಿಕಾ ದೇಶಗಳಲ್ಲಿ ಮನೆಯಲ್ಲಿ ಬಿಯರು ಮಾಡುವ ಗೃಹಸ್ಥರ ನಡುವೆ ಈ ಪ್ರಶ್ನೆಯು ತಿಳಿಯಾಗಿ ಕಾಣಬರುತ್ತದೆ. ಇಂಗ್ಲೆಂಡಿನಲ್ಲಿ 1880ರ ಶಾಸನದಿಂದ ಅದಕ್ಕೆ ಲೈಸೆನ್ಸು ಬೇಕಾಗಿದ್ದಿತು. 1963ರಲ್ಲಿ ಅರ್ಥಸಚಿವರಾಗಿದ್ದ ರೆಜಿನಾಲ್ಡ್ ಮಾಡ್ಲಿಂಗರು ಅದನ್ನು ತೆಗೆದುಹಾಕಿದರು. ಅಮೆರಿಕಾದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರರು ಸಹಿ ಮಾಡಿದ ಶಾಸನದ ಮೇರೆಗೆ, ಒಬ್ಬನೇ ವಯಸ್ಕನಿರುವ ಮನೆಯವರು ವರ್ಷಕ್ಕೆ 100 ಗ್ಯಾಲನ್ನು, ಇಬ್ಬರು ಅಥವಾ ಹೆಚ್ಚು ಮಂದಿ ವಯಸ್ಕರಿರುವವರು 200 ಗ್ಯಾಲನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದಾಯಿತು. ಆದರೆ ಮಾರಕೂಡದು. ನಮಗೂ ಈ ವಿಚಾರವು ತೀರ ಹೊಸದೇನಲ್ಲ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವೆಡೆ, ಕುಟುಂಬಿಗಳು ವಿಶೇಷ ಸಂದರ್ಭಗಳಲ್ಲಿ ಶ್ವೇತಸುರೆಯನ್ನೂ ಔಷಧಾರ್ಥವಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದಿದೆ. ಈಗಿನ ಅಬಕಾರಿ ಕಾನೂನು ಪರವಾನಗಿಯಿಲ್ಲದೆ ಅದಕ್ಕೆ ಎಡೆಗೊಡದು. ಅದು ಬೇರೆ ಮಾತು.

ಮಾರಕೂಡದೆಂದ ಮೇಲೆ ಆ ಸೀಸೆಗಳು ಮನೆಯವರಿಗೆ ಮಿಕ್ಕು ನೆಂಟರಿಗೂ ನೆರೆಯವರಿಗೂ ಉಡುಗೊರೆಯಾಗಿ ಹೋಗುವುವು. ಅಲ್ಲಿ ಪರೀಕ್ಷಿಸುವ ಅಧಿಕಾರಿಯಿಲ್ಲ, ದೂರುವ ಗಿರಾಕಿಯಿಲ್ಲ.

ಕೆಲಸವಾದರೋ ಬೇಸರ ತರುವಂಥದು. ಒಂದು ಸಲಕ್ಕೆ ಮಾಡಿದ 19 ಲೀಟರು ಬಿಯರಿಗೆ ಸುಮಾರು 50 ಸಣ್ಣ ಸೀಸೆಗಳು ಬೇಕು. ಒಂದೊಂದನ್ನೂ ಬುರುಸುಹಾಕಿ ತೊಳೆದು, ಬೆಳಕಿಗೆ ಹಿಡಿದು, ತಳದಲ್ಲಿ ಕಲೆಯಿಲ್ಲವೆಂದು ನೋಡಬೇಕು. ಇಷ್ಟಾದರೆ ಸೀಸೆ ಚೊಕ್ಕಟವಾಯಿತೇ ಹೊರತು ಶುದ್ಧವಾಗಲಿಲ್ಲ. ಆಮೇಲೆ ಅಯೊಡಿನ್ ಬೆರೆತ ದ್ರಾವಣವನ್ನು, ಹತ್ತು ಲಕ್ಷ ಭಾಗ ನೀರಿಗೆ ಅಯೊಡಿನ್ ಹನ್ನೆರಡೂವರೆ ಭಾಗವಾಗುವಂತೆ ಕಲಸಿ, ಅದರಲ್ಲಿ ಒಂದೆರಡು ನಿಮಿಷ ಮುಳುಗಿಸಿಟ್ಟು ಬೋರಲು ಹಾಕಬೇಕು. ಕಣ್ಣಿಗೆ ಕಾಣುವ ಕೊಳೆಯನ್ನು ತೆಗೆಯುವುದು ಬೇರೆ, ಕಾಣದ ಜೀವಿಗಳನ್ನು ಕೊಲ್ಲುವುದು ಬೇರೆ. ಮೊದಲನೆಯದಾಗದಿದ್ದರೆ ಎರಡನೆಯದು ಫಲಿಸದು, ಏಕೆಂದರೆ ಕೊಳೆಯ ಮರೆಯಲ್ಲಿರುವ ಜೀವಿಗೆ ಮದ್ದು ತಾಕದು. ಉಪ್ಪಿನಕಾಯಿಯ ಭರಣಿಯನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಹಸಿಗೈ ತಾಕಗೊಡದ ನಮ್ಮ ಗೃಹಿಣಿಗೆ ಈ ಭೇದವನ್ನು ಯಾರೂ ಬೋಧಿಸಬೇಕಾಗಿಲ್ಲ.

ತರುವಾಯ 19 ಲೀಟರಿಗೆ ನೂರಿಪ್ಪತ್ತು ಗ್ರಾಮಿನಷ್ಟು ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಬೆರಸುತ್ತಾರೆ. ಸೀಸೆಯಲ್ಲಿ ಉಳಿದ ಯೀಸ್ಟು ಈ ಸಕ್ಕರೆಯನ್ನು ತಿಂದು ಇಂಗಾಲಾಮ್ಲ ವಾಯುವನ್ನು ಹುಟ್ಟಿಸುವುದರಿಂದಲೇ ಬಿಯರಿಗೆ ನೊರೆ. ಗಾಳಿ ಸೇರದಂತೆ ಕೊಳವೆಯನ್ನು ತಳಕ್ಕೆ ತಾಕಿಸಿ ತುಂಬಿ, ಕೊರಳಿನಲ್ಲಿ ಒಂದು ಅಂಗುಲದಷ್ಟು ತೆರಪು ಬಿಟ್ಟು, ಲೋಹದ ಬಿರಡೆಯೊತ್ತಿ, ಎರಡು ವಾರ ಕಾಯುವುದು. ಇದರಲ್ಲಿ ವಿವರಿಸತಕ್ಕದ್ದು ಹೆಚ್ಚಿಲ್ಲ.

ನಲವತ್ತೊಂಬತ್ತನೆಯ ಸೀಸೆಯ ವಿಷಯವಾದರೋ ವಿಚಾರಯೋಗ್ಯವಾದುದು. ಹೊತ್ತು ಮೀರಿದೆ, ಸೊಂಟ ನೋಯುತ್ತಿದೆ, ನೋಡುವವರಿಲ್ಲ. ತೊಳೆಯದ ಸೀಸೆಗೂ ತೊಳೆದ ಸೀಸೆಗೂ ಬಿರಡೆ ಬಿದ್ದ ಮೇಲೆ ಭೇದವೇ ಕಾಣದು. ಇದಕ್ಕೆ ಒಂದು ಜಾಣ ಸಮಾಧಾನವೂ ಸಿದ್ಧವಾಗಿರುತ್ತದೆ: ಮನುಷ್ಯನಿಗೆ ರೋಗ ತರುವ ಜೀವಿಗಳು ಬಿಯರಿನ ಹುಳಿ, ಮದ್ಯಸಾರ, ಹಾಪ್ಸ್ ಹೂವಿನ ಕಹಿ ಇವುಗಳ ನಡುವೆ ಸಾಮಾನ್ಯವಾಗಿ ಬೆಳೆಯಲಾರವು, ಕೆಟ್ಟರೆ ಹುಳಿಯಾದೀತು, ಅಷ್ಟೆ, ಯಾರ ಪ್ರಾಣವೂ ಹೋಗದು. ಈ ಮಾತು ಬಹುಮಟ್ಟಿಗೆ ನಿಜವೇ. ಆದರೆ ಪೂರ್ತಿ ನಿಜವಲ್ಲ. ಹೊರಗಿನ ಯೀಸ್ಟು ಸೇರಿದರೆ, ಮೊದಲಿನ ಯೀಸ್ಟು ತಿನ್ನಲಾರದೆ ಬಿಟ್ಟ ಶರ್ಕರವನ್ನೂ ಅದು ತಿನ್ನುತ್ತ ಹೋಗಿ, ವಾಯುವಿನ ಒತ್ತಡವೇರಿ ಗಾಜು ಸಿಡಿಯುವುದುಂಟು. ಅದು ಸಿಡಿಯುವುದು ಮಾಡಿದವನ ಮನೆಯಲ್ಲಿಯೇ ಎಂಬ ನಿಯಮವೂ ಇಲ್ಲ.

ಅಪಾಯವೇ ಇಲ್ಲವೆಂದು ಒಪ್ಪಿದರೂ ಸಮಾಧಾನವು ನಿಲ್ಲದು. 1876ರಲ್ಲಿ ಪ್ರಕಟವಾದ ಬಿಯರಿನ ಗ್ರಂಥದಲ್ಲಿ ಫ್ರಾನ್ಸಿನ ಲೂಯಿ ಪಾಸ್ತರನು, ಬಿಯರು ಕೆಡುವುದು ಪರಕೀಯ ಸೂಕ್ಷ್ಮಜೀವಿಗಳಿಂದ ಎಂದು ತೋರಿಸಿಕೊಟ್ಟನು. ಅದಕ್ಕೆ ಹಿಂದೆ ಕೆಟ್ಟುದನ್ನು ದೈವದ ಮೇಲೆ ಹೊರಿಸಬಹುದಾಗಿತ್ತು. ತಿಳಿದ ಮೇಲೆ ಆ ಬಾಗಿಲು ಮುಚ್ಚಿತು. ಮೇಲಾಗಿ, ಕೊಂಡವನು ಹುಳಿ ಬಿಯರನ್ನು ಅಂಗಡಿಗೆ ಹಿಂದಿರುಗಿಸಿ ಜಗಳವಾಡಬಲ್ಲನು. ಸ್ನೇಹಿತನು ಮುಖವನ್ನು ಸರಿಮಾಡಿಕೊಂಡು ‘ಬಹಳ ಚೆನ್ನಾಗಿದೆ’ ಎನ್ನುವನು. ದಾಕ್ಷಿಣ್ಯವು ಅವನ ಬಾಯನ್ನು ಕಟ್ಟಿದೆ. ದೂರಬಲ್ಲವನಿಗೆ ಸಲ್ಲಿಸುವ ಎಚ್ಚರಕ್ಕಿಂತ ದೂರಲಾರದವನಿಗೆ ಸಲ್ಲಬೇಕಾದ ಎಚ್ಚರವೇ ದೊಡ್ಡದೆಂದು ನನಗೆ ತೋರುತ್ತದೆ. ಆದುದರಿಂದ ಉಡುಗೊರೆಯೆಂಬುದು ಹೊಣೆಯನ್ನು ಇಳಿಸುವುದಿಲ್ಲ, ಏರಿಸುತ್ತದೆ.

ಇನ್ನು ಮೇಲಂಟಿಸುವ ಚೀಟಿ. ವರ್ತಕನ ಚೀಟಿ ಮುಖ್ಯವಾಗಿ ವರ್ತಕನ ರಕ್ಷಣೆಗಾಗಿ ಹುಟ್ಟಿದುದು. ಬ್ರಿಟನ್ನಿನಲ್ಲಿ ವ್ಯಾಪಾರಮುದ್ರೆಗಳ ನೋಂದಣಿ 1876ರಲ್ಲಿ ಆರಂಭವಾದಾಗ ಮೊದಲು ದಾಖಲಾದುದು ಬಾಸ್ ಕಂಪೆನಿಯ ಬಿಯರಿನ ಕೆಂಪು ತ್ರಿಕೋಣ. ಪರರು ತನ್ನ ಹೆಸರನ್ನು ಕದಿಯದಿರಲಿ ಎಂಬುದು ಅದರ ಅಭಿಪ್ರಾಯ. ಮನೆಯ ಸೀಸೆಗೆ ಆ ಭಯವಿಲ್ಲ. ಹಾಗಾದರೆ ಸ್ನೇಹಿತರೊಳಗೆ ಚೀಟಿಯೇಕೆ, ಅದು ಸ್ನೇಹವನ್ನು ಅಂಗಡಿಯಾಗಿಸದೆ ಎಂದು ಕೇಳುವವರುಂಟು. ನೂರಕ್ಕೆ ನಾಲ್ಕು ಭಾಗ ಮದ್ಯಸಾರವಿರುವ ಬಿಯರೂ ಒಂಬತ್ತು ಭಾಗವಿರುವುದೂ ಕಂದುಗಾಜಿನೊಳಗೆ ಒಂದೇ ಬಣ್ಣ. ಕುಡಿದವನು ಆಮೇಲೆ ಕಾರು ನಡಸಲು ಹೊರಡಬಹುದು. ಕರಿಯ ಸ್ಟೌಟ್ ಬಿಯರಿಗೆ ಸಿಹಿಗಾಗಿ ಕೆಲವರು ಹಾಲಿನ ಸಕ್ಕರೆಯನ್ನು ಹಾಕುವರು. ಯೀಸ್ಟು ಅದನ್ನು ತಿನ್ನದು, ಅದು ಹಾಗೆಯೇ ಉಳಿಯುವುದು. ಹಾಲು ಜೀರ್ಣವಾಗದವನು ಅದನ್ನರಿಯದೆ ಕುಡಿದು ಹೊಟ್ಟೆಯ ಸಂಕಟಕ್ಕೆ ಗುರಿಯಾಗುವನು. ಇವೆಲ್ಲವನ್ನೂ ಬಾಯಿಂದ ಹೇಳಬಹುದಲ್ಲ ಎಂದರೆ, ಸೀಸೆಯು ಕೈಯಿಂದ ಕೈಗೆ ಹೋಗುತ್ತದೆ, ಮಾತು ಹೋಗುವುದಿಲ್ಲ. ಅಲ್ಲದೆ ಎದುರಿಗೆ ಹೇಳಿದರೆ ಬೇಡವೆನ್ನಲು ಸ್ನೇಹಿತನಿಗೆ ಸಂಕೋಚ. ಚೀಟಿಯನ್ನು ಓದಿದವನು ಯಾರಿಗೂ ನೋವಾಗದಂತೆ ಸೀಸೆಯನ್ನು ಬದಿಗಿಡಬಲ್ಲನು. ಬೇಡವೆನ್ನುವ ಸ್ವಾತಂತ್ರ್ಯವನ್ನೂ ಸೇರಿಸಿ ಕೊಟ್ಟಾಗಲೇ ಕೊಟ್ಟಂತಾಗುವುದು.

ಅದರಲ್ಲಿ ಚಿತ್ರವಿರದಿದ್ದರೂ ಸರಿಯೆ, ಮಾಡಿದ ಸರತಿಯ ಸಂಖ್ಯೆಯೂ ತುಂಬಿದ ದಿನವೂ ಇರಲೇಬೇಕು. ತನ್ನ ಬಳಿ ಉಳಿದ ಸೀಸೆಯೊಂದರ ಕೊರಳಿನೊಳಗೆ, ಬಿಯರಿನ ಮಟ್ಟಕ್ಕೆ ಸರಿಯಾಗಿ, ಬಿಳಿಯ ಬಳೆಯೊಂದು ಕಟ್ಟಿರುವುದನ್ನು ಒಬ್ಬನು ಕಂಡನೆನ್ನೋಣ. ಹೊರಗಿನ ಜೀವಿ ಸೇರಿರುವುದರ ಗುರುತು ಅದು. ಅದೇ ಸರತಿಯ ಆರು ಸೀಸೆಗಳು ಆಗಲೇ ನಾಲ್ಕು ಮನೆ ಸೇರಿವೆ. ಸಂಖ್ಯೆಯಿದ್ದರೆ ‘ಏಳನೆಯದನ್ನು ತೆರೆಯಬೇಡಿ, ತಣ್ಣಗಿಡಿ, ಬಂದು ಒಯ್ಯುತ್ತೇನೆ’ ಎಂದು ಹೇಳಿಕಳುಹಿಸಬಹುದು. ಹಾಗೆ ಹೇಳಿಕಳುಹಿಸಲು ಅಭಿಮಾನವು ಅಡ್ಡ ಬರುತ್ತದೆ. ಈ ಕಸಬಿನ ಅತ್ಯಂತ ಕಷ್ಟದ ಗಳಿಗೆಯೆಂದರೆ ಅದೇ ಇರಬೇಕು.

ಚೀಟಿಯನ್ನಂಟಿಸಲು ಆ ಗೃಹಸ್ಥರಲ್ಲಿ ಕೆಲವರು ಗೋಂದಿನ ಬದಲು ಹಾಲನ್ನೇ ಬಳಸುತ್ತಾರೆ. ಕಾಗದದ ಹಿಂಬದಿಗೆ ಹಾಲು ಸವರಿ ಒತ್ತಿದರೆ ಒಣಗಿ ಗಟ್ಟಿಯಾಗಿ ಹಿಡಿಯುವುದು, ನೀರಿನಲ್ಲಿ ನೆನೆದರೆ ಸಲೀಸಾಗಿ ಬಿಟ್ಟುಬರುವುದು. ಸೀಸೆಯು ಹಿಂದಿರುಗಬೇಕಾದುದಷ್ಟೆ. ಕುಡಿದ ಕೂಡಲೆ ನೀರು ಹಾಕಿ ಕುಲುಕಿ ಚೆಲ್ಲಿದರೆ ತಳದ ಗಸಿ ಹೋಗುತ್ತದೆ. ರಾತ್ರಿಯೆಲ್ಲ ಹಾಗೆಯೇ ಒಣಗಲು ಬಿಟ್ಟರೆ ಬುರುಸಿಗೂ ಬಗ್ಗದು. ಆದ್ದರಿಂದ ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿ ‘ತೊಳೆದು ಕೊಡಿ’ ಎಂದು ಬರೆದರೆ ಅದನ್ನು ಅವಿನಯವೆಂದು ಯಾರೂ ಎಣಿಸಬಾರದು.