ಕೊಟ್ಟವನ ಹೊಣೆ

ಒಂದು ವಸ್ತುವನ್ನು ಅಕ್ಕರೆಯಿಂದ ಮಾಡಿ ಇನ್ನೊಬ್ಬರ ಕೈಗೆ ಒಪ್ಪಿಸಿದ ಮೇಲೆ ಅದರ ಹೊಣೆ ಎಲ್ಲಿಯವರೆಗೆ ನಮ್ಮದು? ಕೊಟ್ಟಲ್ಲಿಗೆ ಮುಗಿಯಿತೆಂದು ವ್ಯವಹಾರಜ್ಞರು ಹೇಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ, ಮಾನ್ವಿಯ ಒಂದು ಮನೆಯಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯುವವರೆಗೆ.

ರಾಯಚೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ವಾಲ್ವಿನ ಆಂಪ್ಲಿಫಯರು ಜೋಡಿಸುವುದು ನನಗೆ ಹಳೆಯ ಹುಚ್ಚು. ಟ್ರಾನ್ಸಿಸ್ಟರು ಬಂದು ವಾಲ್ವನ್ನು ಮೂಲೆಗೆ ತಳ್ಳಿ ದಶಕಗಳೇ ಸಂದವು, ಹುಚ್ಚಿಗೆ ಕಾಲಜ್ಞಾನವೆಲ್ಲಿಯದು! ಹಾಗೆ ಮಾಡಿದ್ದೊಂದನ್ನು ಮಾನ್ವಿಯ ನಿವೃತ್ತ ಮಾಸ್ತರೊಬ್ಬರಿಗೆ ಕೊಟ್ಟೆ. ಅವರಿಗೆ ದಾಸರ ಪದಗಳೆಂದರೆ ಪ್ರಾಣ. ಸೀಮೆಯೇ ಅಂಥದು: ಚೀಕಲಪರ್ವಿ ವಿಜಯದಾಸರ ಊರು, ದೇವದುರ್ಗದ ಕಡೆಯ ಮೊಸರಕಲ್ಲು ಗೋಪಾಲದಾಸರದು, ಮಾನ್ವಿಯಂತೂ ಜಗನ್ನಾಥದಾಸರದೇ.

ವಾಲ್ವಿನೊಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಪ್ಲೇಟಿನ ಕಡೆಗೆ ಧಾವಿಸುತ್ತವೆ. ನಡುವಿನ ಗ್ರಿಡ್ಡಿಗೆ ಋಣ ವೋಲ್ಟೇಜು ಕೊಟ್ಟು ಆ ಓಟಕ್ಕೆ ಕಡಿವಾಣ ಹಾಕುವುದೇ ಬಯಾಸ್. ಅದನ್ನು ಅಳೆಯುವುದು ಹಾಡು ನಿಂತಿರುವಾಗ. ಕಡಿವಾಣ ಅತಿ ಬಿಗಿಯಾದರೆ ಮೆಲುದನಿ ಒಡೆಯುತ್ತದೆ. ಸಡಿಲವಾದರೆ ದನಿ ತುಂಬಿ ಬರುತ್ತದೆ, ವಾಲ್ವಿನ ಆಯುಸ್ಸು ಕರಗುತ್ತದೆ. ನಾನು ಬಳಸಿದ ಇ.ಎಲ್. 34 ವಾಲ್ವಿನ ಪ್ಲೇಟು ತಾಳಬಲ್ಲದ್ದು 25 ವ್ಯಾಟು. 400 ವೋಲ್ಟಿನಲ್ಲಿ 44 ಮಿಲಿ ಆಂಪಿಯರು ಹರಿಸಿದರೆ ಅದರ ಶೇಕಡಾ 70ರಷ್ಟಾಗುತ್ತದೆ; ಬುದ್ಧಿವಂತರು ಅಲ್ಲಿಗೆ ನಿಲ್ಲುತ್ತಾರೆ. ನಾನು 55ಕ್ಕೆ ಏರಿಸಿದ್ದೆ. ಮಾಸ್ತರು ಮೊದಲ ಸಲ ಕೇಳಿದಾಗ ಕಣ್ಣು ಮುಚ್ಚಿ ತಲೆದೂಗಬೇಕೆಂಬುದು ನನ್ನ ಆಸೆ. ಅವರು ತಲೆದೂಗಿದರು, ನಾನು ಉಬ್ಬಿದೆ.

ನಮ್ಮ ಮನೆಯಲ್ಲಾದರೆ ವಾರಕ್ಕೊಮ್ಮೆ ಮೀಟರು ಹಿಡಿದು ಸ್ಕ್ರೂ ತಿರುಗಿಸಲು ನಾನಿದ್ದೆ. ಅವರ ಓಣಿಯಲ್ಲಿ ರಾತ್ರಿ ಮಿಲ್ಲುಗಳು ನಿಂತಾಗ 230 ಇರಬೇಕಾದ ವೋಲ್ಟೇಜು 250ಕ್ಕೆ ಏರುತ್ತದೆ. ಲೆಕ್ಕ ಹಾಕಿದರೆ ಪ್ಲೇಟಿನ ಮೇಲೆ 27 ವ್ಯಾಟು. "ತಿಂಗಳಿಗೊಮ್ಮೆ ನೋಡಿಕೊಳ್ಳಿರಿ" ಎಂದು ಹೇಳಿ ಬಂದಿದ್ದೆನಷ್ಟೆ. 400 ವೋಲ್ಟು ಆಡುವ ಪೆಟ್ಟಿಗೆಯೊಳಗೆ ಆ ಮುದಿ ಕೈ ಏನನ್ನು ನೋಡಬೇಕಾಗಿತ್ತು? ಹೇಳಿದ್ದೇನೆಂಬ ಸಮಾಧಾನ ನನಗೆ ಬೇಕಾಗಿತ್ತು, ಹೇಳಿದೆ.

ಸುದ್ದಿ ತಿಳಿದು ಹೋದಾಗ ಮಾಸ್ತರು ಅಪರಾಧಿಯಂತೆ ಕುಳಿತಿದ್ದರು. "ನನ್ನ ಕೈಯಾಗ ಕೆಟ್ಟು ಹೋತು ನೋಡ್ರಿ. ಒಳಗಿನ ತಗಡು ಕೆಂಪಗಾಗಿತ್ತು. ಪದದ ಕಳೆ ಅದಕ್ಕೂ ಬಂದದ ಅಂತ ತಿಳ್ಕೊಂಡು ನೋಡ್ಕೋತ ಕುಂತೆ."

ನಾನೇನು ಹೇಳಿದೆ? "ಇರಲಿ ಬಿಡ್ರಿ, ಮಾಸ್ತರ" ಎಂದೆ. ಕ್ಷಮಿಸುವವನ ಗತ್ತಿನಲ್ಲಿ ಎಂದೆ! ಸುಟ್ಟ ಟ್ರಾನ್ಸ್‌ಫಾರ್ಮರನ್ನು ಚೀಲದಲ್ಲಿಟ್ಟುಕೊಂಡು ರಾಯಚೂರಿನ ಬಸ್ಸು ಹತ್ತಿದಾಗ ತೊಡೆಯ ಮೇಲಿನ ಆ ಭಾರ ಬೇರೆಯೇ ಆಗಿತ್ತು. ಪೆಟ್ಟಿಗೆ ಸುಟ್ಟಿದ್ದು ಅಜಾಗರೂಕತೆ. ಅವರ ತಪ್ಪನ್ನು ಅವರಲ್ಲಿಯೇ ಬಿಟ್ಟು ಬಂದದ್ದು ಏನು?

ಬಯಾಸ್ ಕೊಡಲು ಇನ್ನೊಂದು ಬಗೆಯಿದೆ. ಕ್ಯಾಥೋಡಿನ ಕೆಳಗೆ ಒಂದು ರೆಸಿಸ್ಟರು ಇಟ್ಟರೆ ವಾಲ್ವಿನದೇ ಕರೆಂಟು ಅದರ ಮೂಲಕ ಹರಿದು, ಹೆಚ್ಚಿದಷ್ಟೂ ತನ್ನನ್ನು ತಾನೇ ಹಿಂದಕ್ಕೆ ಎಳೆಯುತ್ತದೆ. ಕಾಯುವವನ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಇದು ಆಗಲೂ ನನಗೆ ಗೊತ್ತಿತ್ತು. ಒಂದಿಷ್ಟು ಶಕ್ತಿ ನಷ್ಟವಾಗುತ್ತದೆಂದು, ದನಿಯ ಗತ್ತು ಇಳಿಯುತ್ತದೆಂದು ಬಿಟ್ಟಿದ್ದೆ.

ಮುಂದಿನ ತಿಂಗಳು ಅದೇ ರೀತಿ ಜೋಡಿಸಿ ಒಯ್ದೆ. ಪೆಟ್ಟಿಗೆ ಇಳಿಸುವ ಮೊದಲೇ, "ತಪ್ಪು ನಿಮ್ಮದಲ್ಲ ಮಾಸ್ತರ, ನಂದು" ಎಂದು ಎಲ್ಲವನ್ನೂ ಹೇಳಿದೆ. ಅವರು ಎಷ್ಟು ಕೇಳಿದರೋ, ದೃಷ್ಟಿಯೆಲ್ಲ ಪ್ಲಗ್ಗಿನ ಮೇಲಿತ್ತು. ಪದ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ, "ಮೊದಲಿನಷ್ಟು ತುಂಬಿ ಬರಂಗಿಲ್ಲಲ್ಲ?" ಎಂದರು.

"ಬರಂಗಿಲ್ರಿ" ಎಂದೆ.

"ಹಂಗಾರ ಸ್ವಲ್ಪ ಹತ್ರ ಕುಂದ್ರೋಣು" ಎಂದು ಚಾಪೆಯನ್ನು ಮುಂದಕ್ಕೆ ಎಳೆದುಕೊಂಡರು.