ಕಾಯಕವೂ ಕಾಣಿಕೆಯ ನಿರೀಕ್ಷೆಯೂ

ಕೂಲಿಯನ್ನು ಮೊದಲೇ ಗೊತ್ತುಮಾಡಿಕೊಂಡು ದುಡಿದವನು ಸಂಜೆಗೆ ಕೈಯೊಡ್ಡಿದರೆ ಅದು ನ್ಯಾಯ. ಏನನ್ನೂ ಬೇಡದೆ ತಾನಾಗಿಯೇ ಸೇವೆಗೆ ನಿಂತವನು ಕೆಲಸ ಮುಗಿದ ಮೇಲೆ ಬಾಗಿಲ ಕಡೆ ನೋಡುತ್ತ ಕುಳಿತರೆ ಅದನ್ನು ಏನೆನ್ನಬೇಕು? ಕೂಲಿಯೆನ್ನಲು ಒಪ್ಪಂದವಿಲ್ಲ, ಸೇವೆಯೆನ್ನಲು ಮನಸ್ಸು ಬಿಡುಗಡೆಗೊಂಡಿಲ್ಲ. ಈ ತೊಳಲಾಟವು ಇಂದಿನ ಒಂದು ಹೊಸ ಸೇವೆಯಲ್ಲಿ ಸ್ಪಷ್ಟವಾಗಿ ತೋರುತ್ತದೆ.

ಗಣಕಯಂತ್ರವನ್ನು ನಡೆಸುವ ತಂತ್ರಾಂಶವು ಜನರ ಕೈಸೇರುವ ಮುನ್ನ ಅದನ್ನು ರಚಿಸಿದವರೇ ಮೊದಲು ಪರೀಕ್ಷಿಸುತ್ತಾರೆ. ಬಳಿಕ ಹೊರಗಿನ ಬಳಕೆದಾರರು ಪರೀಕ್ಷಿಸುವುದುಂಟು. ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರದಿಂದ ಇದಕ್ಕೆ ಬೀಟಾ ಪರೀಕ್ಷೆ ಎಂದು ಹೆಸರು. ಸಂಬಳವಿಲ್ಲದ ಪರೀಕ್ಷಕನು ಇನ್ನೂ ಹದಗೊಳ್ಳದ ತಂತ್ರಾಂಶವನ್ನು ತನ್ನ ಯಂತ್ರಕ್ಕೆ ಸೇರಿಸಿಕೊಳ್ಳುತ್ತಾನೆ. ಯಂತ್ರವು ನಡುವೆಯೇ ಸ್ತಬ್ಧವಾಗುತ್ತದೆ. ಬರೆದಿಟ್ಟದ್ದು ಅಳಿದುಹೋಗುವುದೂ ಉಂಟು. ಆದರೂ ಅವನು ಬೇಸರಿಸದೆ, ಏನು ಮಾಡಿದಾಗ ದೋಷ ತೋರಿತು, ಮತ್ತೆ ಹಾಗೆಯೇ ಮಾಡಿದರೆ ಮತ್ತೆ ತೋರುವುದೇ ಎಂಬುದನ್ನು ಕ್ರಮವಾಗಿ ಬರೆದು ಕಳುಹಿಸುತ್ತಾನೆ. ಒಬ್ಬನು ಕಂಡ ದೋಷವು ತಿದ್ದಲ್ಪಟ್ಟರೆ, ಅವನು ಎಂದೂ ನೋಡದ ಅಸಂಖ್ಯಾತರ ಕಷ್ಟ ತಪ್ಪುತ್ತದೆ. ಇದು ನಿಜವಾಗಿಯೂ ದಾಸೋಹವೇ ಸರಿ.

ಕೆಲವು ಸಂಸ್ಥೆಗಳು ಇಂಥವರಿಗೆ ಕೃತಜ್ಞತೆಯ ಕುರುಹಾಗಿ ಒಂದು ಅಂಗಿಯನ್ನೋ ಪೂರ್ಣಗೊಂಡ ತಂತ್ರಾಂಶದ ಪ್ರತಿಯನ್ನೋ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಅಲ್ಲಿಂದ ನಿರೀಕ್ಷೆ ಮೊದಲಾಗುತ್ತದೆ. ಇಂದು ಅಂಚೆಯಲ್ಲಿ ಬಂದೀತೆ? ಇನ್ನೊಬ್ಬನಿಗೆ ಬಂದುದು ತನಗೇಕೆ ಬರಲಿಲ್ಲ? ಹತ್ತು ದೋಷ ತೋರಿದವನಿಗೂ ಒಂದೇ ಒಂದು ತೋರಿದವನಿಗೂ ಸಮನಾದ ಕಾಣಿಕೆಯೆ? ಹೀಗೆ, ತಂತ್ರಾಂಶದ ದೋಷವನ್ನು ಅರಸುತ್ತಿದ್ದ ಕಣ್ಣು ಜೊತೆಗಾರರ ದೋಷವನ್ನು ಅರಸತೊಡಗುತ್ತದೆ. ಕಾಣಿಕೆ ಬಾರದಿದ್ದುದು ಸಣ್ಣ ನಷ್ಟ. ಮಾಡಿದ ಸೇವೆಯೇ ಕಹಿಯಾದುದು ದೊಡ್ಡ ನಷ್ಟ.

ಇಲ್ಲಿ ವಿವೇಕವೊಂದು ಬೇಕು. ಕೊಡುವೆನೆಂದು ನುಡಿದುದು ಋಣ. ಅದನ್ನು ಕೇಳಿ ಪಡೆಯುವುದರಲ್ಲಿ ಲೋಭವಿಲ್ಲ, ಕೊಡದೆ ಉಳಿಸಿಕೊಂಡವನು ನುಡಿಗೆ ತಪ್ಪಿದವನು. ಆದರೆ ನುಡಿಯದಿದ್ದುದನ್ನು ಮನಸ್ಸಿನಲ್ಲಿಯೇ ಬರೆದುಕೊಂಡು, ಆ ಲೆಕ್ಕವನ್ನು ಇನ್ನೊಬ್ಬರಿಂದ ವಸೂಲುಮಾಡಲು ಕಾಯುವುದು ಆಶೆಯ ಕೆಲಸ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಡೊನಾಲ್ಡ್ ಕನೂಥ್ ಅವರ ಸಂಗತಿ ಇಲ್ಲಿ ಮನನೀಯವಾದುದು. ತಮ್ಮ ಗ್ರಂಥಗಳಲ್ಲಿ ತಪ್ಪನ್ನು ಮೊದಲು ತೋರಿದವರಿಗೆ ಅವರು 2.56 ಡಾಲರಿನ ಚೆಕ್ಕನ್ನು ಕಳುಹಿಸುತ್ತಿದ್ದರು. ಪಡೆದವರಲ್ಲಿ ಅನೇಕರು ಅದನ್ನು ಬ್ಯಾಂಕಿಗೆ ಒಯ್ಯದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿದರು. ವಂಚಕರ ಕಾಟದಿಂದ 2008ರಲ್ಲಿ ನಿಜವಾದ ಚೆಕ್ಕುಗಳನ್ನು ನಿಲ್ಲಿಸಿ, ಕಲ್ಪಿತ ಬ್ಯಾಂಕೊಂದರ ಹೆಸರಿನಲ್ಲಿ ಪ್ರಮಾಣಪತ್ರ ಕೊಡುವುದನ್ನು ಆರಂಭಿಸಿದರು. ಹಣವಾಗದ ಆ ಕಾಗದಕ್ಕೂ ಗೌರವ ಕುಂದಲಿಲ್ಲ. ಸೇವೆ ಪಡೆದವನು ಅದನ್ನು ನೆನೆಯಬೇಕೆಂಬ ಧರ್ಮವನ್ನು ಈ ಹಿರಿಯರ ನಡೆ ತೋರುತ್ತದೆ. ಆದರೆ ನೆನೆಯುವುದು ಪಡೆದವನ ಧರ್ಮ. ನೆನೆಯಿಸಿಕೊಳ್ಳಲು ಕಾಯುವುದು ಕೊಟ್ಟವನ ಧರ್ಮವಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಹೇಳಿದರು. ಬಡತನವಿದ್ದ ಮನೆಯಲ್ಲಿ ಕೈಗೆ ಬಂದುದನ್ನೇ ಹಿಂದಿರುಗಿಸಿದ ಆ ತಾಯಿಯ ಮುಂದೆ, ಕೈಗೆ ಬಾರದುದಕ್ಕಾಗಿ ಕೊರಗುವ ಮನಸ್ಸು ಎಷ್ಟು ಚಿಕ್ಕದು!

ಸದ್ಭಕ್ತರ ಮನೆಗಳಲ್ಲಿಯೂ ಇಂದು ತಂತ್ರಾಂಶದ ಕೆಲಸಮಾಡುವ ಮಕ್ಕಳಿದ್ದಾರೆ. ಸೇವೆಗೆ ನಿಲ್ಲುವ ಮುನ್ನವೇ ಅವರು ತಮ್ಮನ್ನು ತಾವು ಕೇಳಿಕೊಳ್ಳಲಿ: ಇದು ಕೂಲಿಯೋ, ಸೇವೆಯೋ? ಕೂಲಿಯಾದರೆ ಸಂಕೋಚವಿಲ್ಲದೆ ಮೊದಲೇ ಗೊತ್ತುಮಾಡಿಕೊಳ್ಳಲಿ. ಸೇವೆಯಾದರೆ ದೋಷವನ್ನು ಬರೆದು ಕಳುಹಿಸಿದ ಗಳಿಗೆಯಲ್ಲಿಯೇ ಅದನ್ನು ಸಮರ್ಪಿಸಿಬಿಡಲಿ. ಆಮೇಲೆ ಕಾಣಿಕೆ ಬಂದರೆ ಪ್ರಸಾದವೆಂದು ಸ್ವೀಕರಿಸಬಹುದು. ಬಾರದಿದ್ದರೆ ಕಳೆದುಕೊಂಡುದು ಏನೂ ಇಲ್ಲ. ಸಮರ್ಪಿಸಿದವನಿಗೆ ಕಾಯುವ ಕಷ್ಟವೇ ಇಲ್ಲ.